ತರಬೇತಿ ಶಿಬಿರ ರೂಪಿಸುವುದು ಹೇಗೆ? ಅಥಣಿ ಚಪ್ಪಲಿಯ ನಾಡಿನಿಂದ ಒಂದು ಉದಾಹರಣೆ

ತರಬೇತಿ ಶಿಬಿರದ ಕ್ರಮ ನಮ್ಮ ಚರ್ಚುಗಳಲ್ಲಿ, ಸ್ವಸಹಾಯ ಸಂಘಗಳಲ್ಲಿ ಎಲ್ಲರಿಗೂ ಬಾಯಿಪಾಠ. ಪ್ರಾರ್ಥನಾ ಗೀತೆ, ಸ್ವಾಗತ, ದೀಪ ಬೆಳಗಿಸಿ ಉದ್ಘಾಟನೆ, ಸಂಪನ್ಮೂಲ ವ್ಯಕ್ತಿಗಳ ಪರಿಚಯ, ಉಪನ್ಯಾಸ, ಊಟ, ಮತ್ತೊಂದು ಉಪನ್ಯಾಸ, ಪ್ರಮಾಣಪತ್ರ ವಿತರಣೆ, ಧನ್ಯವಾದ. ಮರುದಿನದ ವರದಿಯಲ್ಲಿ ಭಾಗವಹಿಸಿದವರ ಸಂಖ್ಯೆ ಬರುತ್ತದೆ. ಅವರಲ್ಲಿ ಎಷ್ಟು ಮಂದಿ ಮೊನ್ನೆವರೆಗೆ ಬಾರದಿದ್ದ ಕೆಲಸವೊಂದನ್ನು ಈಗ ಮಾಡಬಲ್ಲರು ಎಂಬುದು ಮಾತ್ರ ಯಾವ ವರದಿಯಲ್ಲಿಯೂ ಕಾಣುವುದಿಲ್ಲ.

ಈ ಪ್ರಶ್ನೆಯನ್ನೇ ಮೊದಲಿಟ್ಟುಕೊಂಡು ತರಬೇತಿಯನ್ನು ಹಿಂದಿನಿಂದ ಮುಂದಕ್ಕೆ ರೂಪಿಸುವ ಒಂದು ವ್ಯವಸ್ಥಿತ ವಿಧಾನವಿದೆ. ಅದನ್ನು ಬರಿಯ ಸಿದ್ಧಾಂತವಾಗಿ ವಿವರಿಸಿದರೆ ಓದುಗರಿಗೆ ಬೇಸರವಾದೀತು. ಆದ್ದರಿಂದ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಕಡೆಗೆ ಹೋಗೋಣ. ಈ ಗಡಿನಾಡು ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದ್ದು. ನಮ್ಮ ನೆರೆಯ ಕಾರವಾರ ಧರ್ಮಪ್ರಾಂತ್ಯವೂ 1976ರಲ್ಲಿ ಬೆಳಗಾವಿಯಿಂದಲೇ ಬೇರ್ಪಟ್ಟದ್ದು. ಕರಾವಳಿಯ ಅನೇಕ ಧರ್ಮಗುರುಗಳೂ ಧರ್ಮಭಗಿನಿಯರೂ ಉತ್ತರ ಕರ್ನಾಟಕದಲ್ಲಿ ಸೇವೆ ಸಲ್ಲಿಸುತ್ತಿರುವುದರಿಂದ ಆ ಊರುಗಳು ನಮಗೆ ಪೂರ್ತಿ ಹೊರಗಿನವಲ್ಲ.

ಆ ಕಡೆಯ ಸುದ್ದಿಯೊಂದು ಈಚೆಗೆ ಜಗತ್ತಿನ ಪತ್ರಿಕೆಗಳಲ್ಲಿ ಬಂತು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಕೊಲ್ಹಾಪುರಿ ಚಪ್ಪಲಿಯನ್ನೇ ಹೋಲುವ ಚಪ್ಪಲಿಗಳನ್ನು ತೋರಿಸಿ, ಅದರ ಮೂಲವನ್ನು ಹೇಳದೆ ಬಿಟ್ಟಿತು. ಭಾರತದಲ್ಲಿ ತೀವ್ರ ಟೀಕೆ ಎದ್ದ ಮೇಲೆ, ಇದಕ್ಕೆ ಭಾರತದ ಕರಕುಶಲ ಪರಂಪರೆಯೇ ಪ್ರೇರಣೆ ಎಂದು ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್ಕಾಂ ಮತ್ತು ಕರ್ನಾಟಕದ ಲಿಡ್ಕರ್ ಚರ್ಮ ನಿಗಮಗಳೊಂದಿಗೆ ಒಪ್ಪಂದವಾಗಿ, ಎರಡೂ ರಾಜ್ಯಗಳಲ್ಲಿ 2,000 ಜೋಡಿ ಚಪ್ಪಲಿ ತಯಾರಿಸುವ ಹಾಗೂ ಕುಶಲಕರ್ಮಿಗಳಿಗೆ ತರಬೇತಿ ನೀಡುವ ಯೋಜನೆ ಪ್ರಕಟವಾಯಿತು.

ಕೊಲ್ಹಾಪುರಿ ಎಂಬ ಹೆಸರಿದ್ದರೂ ಆ ಚಪ್ಪಲಿ ಕೊಲ್ಹಾಪುರದ ಸೊತ್ತು ಮಾತ್ರವಲ್ಲ. 2019ರಲ್ಲಿ ದೊರೆತ ಭೌಗೋಳಿಕ ಸೂಚಕ ಮಾನ್ಯತೆ ಎಂಟು ಜಿಲ್ಲೆಗಳಿಗೆ ಸೇರಿದ್ದು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ ನಾಲ್ಕು. ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ನಾಲ್ಕು. ಕರ್ನಾಟಕದ ಕಡೆ ಅಥಣಿಯೇ ಇದರ ಮುಖ್ಯ ಕೇಂದ್ರ. ಮದಭಾವಿಯಂತಹ ಹಳ್ಳಿಗಳಲ್ಲಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳ ಕಡೆಗೂ ಸಮಗಾರ ಕುಟುಂಬಗಳು ಇದನ್ನೇ ನಂಬಿವೆ. ಜಾಲಿ ತೊಗಟೆ ಮತ್ತು ಅಳಲೆಕಾಯಿಯ ರಸದಲ್ಲಿ ಹದ ಮಾಡಿದ ಚರ್ಮ, ಮೊಳೆ ಇಲ್ಲದೆ ಚರ್ಮದ ದಾರದಿಂದಲೇ ಹೊಲಿಗೆ, ಅಟ್ಟೆಯ ಎರಡೂ ಬದಿಗೆ ಕಿವಿಗಳು, ಮೇಲೆ ಸಣ್ಣ ಹೆಣಿಗೆ. ಸಾಮಾನ್ಯವಾಗಿ ಗಂಡಸರು ರಂಪಿಗೆ ಹಿಡಿದು ಚರ್ಮ ಕೊಯ್ಯುತ್ತಾರೆ. ಹೊಲಿಗೆ, ಹೆಣಿಗೆ ಹೆಂಗಸರದು. ಮಾರಾಟಕ್ಕೆ ಹೋಗುವವರು ಮತ್ತೆ ಗಂಡಸರು, ಅಥವಾ ವ್ಯಾಪಾರಿ.

ಇವರಿಗೆ ತರಬೇತಿ ಕೊಡಬೇಕು ಎಂದು ಯಾರೋ ನಿರ್ಧರಿಸಿದ್ದಾರೆ ಎಂದಿಟ್ಟುಕೊಳ್ಳೋಣ. ವ್ಯವಸ್ಥಿತ ವಿಧಾನದ ಮೊದಲ ಹೆಜ್ಜೆಯಲ್ಲಿ ಪಾಠವೂ ಇಲ್ಲ, ಸಂಪನ್ಮೂಲ ವ್ಯಕ್ತಿಯೂ ಇಲ್ಲ. ಅಲ್ಲಿರುವುದು ಒಂದು ಪ್ರಶ್ನೆ: ತೊಂದರೆ ಎಲ್ಲಿದೆ, ಮತ್ತು ಅದು ಕಲಿಸಿದರೆ ಹೋಗುವಂತಹ ತೊಂದರೆಯೇ?

ನಮ್ಮ ಅಭಿಪ್ರಾಯದಲ್ಲಿ ಇಡೀ ವಿಧಾನದಲ್ಲಿ ಇದಕ್ಕಿಂತ ಬೆಲೆಯುಳ್ಳ ಪ್ರಶ್ನೆ ಬೇರೊಂದಿಲ್ಲ. ಚಪ್ಪಲಿ ಮಾಡುವ ಮನೆಯ ಆದಾಯ ಕಡಿಮೆ ಎಂದಾದರೆ ಕಾರಣಗಳು ಹಲವು ಇರಬಹುದು. ಒಳ್ಳೆಯ ಚರ್ಮ ಸಿಗುವುದು ಕಷ್ಟವಾಗಿರಬಹುದು. 2015ರಲ್ಲಿ ಮಹಾರಾಷ್ಟ್ರದಲ್ಲಿ, 2021ರಲ್ಲಿ ಕರ್ನಾಟಕದಲ್ಲಿ ಜಾನುವಾರು ಹತ್ಯೆ ಕುರಿತ ಕಾನೂನು ಬಿಗಿಯಾದ ಮೇಲೆ ಚರ್ಮದ ಪೂರೈಕೆಯ ಚಿಂತೆ ಆ ಕಸುಬಿನವರಲ್ಲಿ ಹೆಚ್ಚಿದೆ. ವ್ಯಾಪಾರಿಯಿಂದ ಮುಂಗಡ ತಂದಿರುವುದರಿಂದ ಅವನು ಹೇಳಿದ ದರಕ್ಕೇ ಕೊಡಬೇಕಾಗಿರಬಹುದು. ಯಂತ್ರದಲ್ಲಿ ಮಾಡಿದ ಅಗ್ಗದ ನಕಲು ಪೇಟೆಯಲ್ಲಿ ತುಂಬಿರಬಹುದು. ಇವುಗಳಲ್ಲಿ ಯಾವುದಕ್ಕೂ ಐದು ದಿನದ ಶಿಬಿರ ಮದ್ದಲ್ಲ. ಮೂವತ್ತು ವರ್ಷ ಹೆಣಿಗೆ ಹಾಕಿದ ಬಾಯಿಗೆ ಕೌಶಲ ಸಾಲದು ಎಂದು ಹೇಳಿ ಪ್ರಮಾಣಪತ್ರ ಕೊಟ್ಟು ಕಳಿಸಿದರೆ, ಚರ್ಮದ ದರವಾಗಲಿ ವ್ಯಾಪಾರಿಯ ಸಾಲವಾಗಲಿ ಕಡಿಮೆಯಾಗುವುದಿಲ್ಲ. ಬದಲಿಗೆ ತಪ್ಪು ಆಕೆಯದೇ ಎಂಬ ಅರ್ಥ ಬರುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಇದೆ. ಕೆಲವೊಮ್ಮೆ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ. ಕುಣಿತ ಕಲಿಸುವ ಮೊದಲು ಅದನ್ನು ನೋಡಬೇಕು.

1990ರ ದಶಕದ ಕೊನೆಯಲ್ಲಿ ಅಥಣಿಯಲ್ಲಿ ಆರಂಭವಾದ ಒಂದು ಪ್ರಯತ್ನವನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನ ಅಸೆಂಟ್ ಎಂಬ ಸಂಸ್ಥೆ, ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಹಾಗೂ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಬೆಂಬಲದಿಂದ ಅಲ್ಲಿನ ಮಹಿಳೆಯರ ಸ್ವಸಹಾಯ ಗುಂಪುಗಳು ಸೇರಿ ಟೋಹೋಲ್ಡ್ ಎಂಬ ಕುಶಲಕರ್ಮಿಗಳ ಒಕ್ಕೂಟ ಕಟ್ಟಿದವು. ತರಬೇತಿ ಅಲ್ಲಿಯೂ ಇತ್ತು. ಆದರೆ ಒಂಟಿಯಾಗಿ ಇರಲಿಲ್ಲ. ಹೊಸ ವಿನ್ಯಾಸ ಮತ್ತು ಗುಣಮಟ್ಟದ ಕಲಿಕೆಯ ಜೊತೆಗೆ ಉಳಿತಾಯದ ಗುಂಪು, ಸ್ವಂತ ಬ್ರ್ಯಾಂಡು, ಹೊರದೇಶಕ್ಕೆ ನೇರ ಮಾರಾಟದ ದಾರಿ ಬಂದವು. ಅದುವರೆಗೆ ಲೆಕ್ಕಕ್ಕೇ ಬಾರದಿದ್ದ ಹೆಂಗಸರ ಕೈಕೆಲಸಕ್ಕೆ ಹೆಸರು ಬಂತು.

ಹೀಗೆ ವಿಂಗಡಿಸಿದ ಮೇಲೂ ಕಲಿಸಬೇಕಾದದ್ದು ಉಳಿಯುತ್ತದೆ. ಉದಾಹರಣೆಗೆ ಅಳತೆ. ಊರ ಸಂತೆಯಲ್ಲಿ ಗಿರಾಕಿ ಚಪ್ಪಲಿಗೆ ಕಾಲು ಹಾಕಿ ನೋಡಿಯೇ ಕೊಳ್ಳುತ್ತಾನೆ. ತುಸು ಹೆಚ್ಚು ಕಡಿಮೆಯಾದರೆ ಪಕ್ಕದ ಜೋಡಿ ನೋಡುತ್ತಾನೆ. ದೂರದ ಗಿರಾಕಿಗೆ ಆ ಅವಕಾಶವಿಲ್ಲ. ಯುರೋಪಿನ ಪಾದರಕ್ಷೆ ಅಳತೆಯಲ್ಲಿ ಒಂದು ಸಂಖ್ಯೆಗೂ ಮುಂದಿನದಕ್ಕೂ ಇರುವ ಅಂತರ ಸೆಂಟಿಮೀಟರಿನ ಮೂರನೇ ಎರಡು ಭಾಗ, ಅಂದರೆ ಸುಮಾರು 6.7 ಮಿಲಿಮೀಟರು. ಬ್ರಿಟಿಷ್ ಅಳತೆಯಲ್ಲಿ ಒಂದು ಇಂಚಿನ ಮೂರನೇ ಒಂದು ಭಾಗ, ಸುಮಾರು 8.5 ಮಿಲಿಮೀಟರು. ಕಣ್ಣಳತೆಯಲ್ಲಿ ಕೊಯ್ದಾಗ ರಂಪಿಗೆ ಅಷ್ಟು ಆಚೀಚೆ ಸರಿಯುವುದು ದೊಡ್ಡ ಮಾತಲ್ಲ. ಸರಿದರೆ 38ರ ಚಪ್ಪಲಿ 39 ಆಗಿಬಿಡುತ್ತದೆ, ಸಮುದ್ರ ದಾಟಿದ ಮೇಲೆ ತಿರಸ್ಕಾರವಾಗುತ್ತದೆ.

ಎರಡನೆಯ ಹೆಜ್ಜೆ ಗುರಿಯನ್ನು ಬರೆಯುವುದು. "ಗುಣಮಟ್ಟದ ಕುರಿತು ಅರಿವು ಮೂಡಿಸುವುದು" ಎಂಬಂತಹ ಗುರಿ ನಮ್ಮ ಆಮಂತ್ರಣ ಪತ್ರಿಕೆಗಳಿಗೆ ಒಗ್ಗುತ್ತದೆ; ಅರಿವು ಮೂಡಿತೋ ಇಲ್ಲವೋ ನೋಡುವ ದಾರಿ ಅದರಲ್ಲಿಲ್ಲ. ಅಮೆರಿಕದ ರಾಬರ್ಟ್ ಮೇಗರ್ ಅವರು 1962ರಲ್ಲಿಯೇ ಒತ್ತಿ ಹೇಳಿದ ಪ್ರಕಾರ, ಕಲಿತವರು ಏನು ಮಾಡಿ ತೋರಿಸಬೇಕು, ಯಾವ ಪರಿಸ್ಥಿತಿಯಲ್ಲಿ, ಎಷ್ಟು ಸರಿಯಾಗಿ ಎಂಬ ಮೂರೂ ಗುರಿಯಲ್ಲಿ ಇರಬೇಕು. ನಮ್ಮ ಉದಾಹರಣೆಗೆ ಹೀಗೆ ಬರೆಯಬಹುದು: 38ನೇ ಅಳತೆಯ ತಗಡಿನ ಮಾದರಿ ಕೊಟ್ಟರೆ, ಯಾರ ಸಹಾಯವೂ ಇಲ್ಲದೆ ಹತ್ತು ಜೋಡಿ ಅಟ್ಟೆ ಕೊಯ್ಯಬೇಕು, ಪ್ರತಿಯೊಂದರ ಉದ್ದ ಮಾದರಿಗಿಂತ 2 ಮಿಲಿಮೀಟರಿಗಿಂತ ಹೆಚ್ಚು ಸರಿಯಬಾರದು, ಎಡ ಬಲ ಹೊಂದಬೇಕು. ಗುರಿ ಹೀಗಿದ್ದರೆ ಪರೀಕ್ಷೆಯೂ ಅದರಲ್ಲೇ ಇದೆ. ಶಿಬಿರದ ಮೊದಲ ಬೆಳಿಗ್ಗೆಯೇ ಆ ಪರೀಕ್ಷೆ ಕೊಡಬಹುದು. ಹತ್ತಕ್ಕೆ ಹತ್ತು ಸರಿಯಾಗಿ ಕೊಯ್ದವರನ್ನು ಕೂರಿಸಿ ಪಾಠ ಹೇಳುವ ಬದಲು ಅವರನ್ನೇ ಪಾಠ ಹೇಳಲು ನಿಲ್ಲಿಸಬೇಕು.

ಕಲಿಯುವವರು ಯಾರು ಎಂಬುದು ಮುಂದಿನ ಮಾತು. ಈ ಐದು ತಾಲೂಕುಗಳಲ್ಲಿ ಮನೆಮಾತು ಒಂದೇ ಅಲ್ಲ. ನಿಪ್ಪಾಣಿ, ಕಾಗವಾಡಗಳ ಕಡೆ ಮರಾಠಿ ಮಾತಾಡುವವರು ಬಹಳ. ಕಸುಬಿನ ಎಷ್ಟೋ ಪದಗಳು ಎರಡೂ ಭಾಷೆಗಳ ನಡುವೆ ಓಡಾಡುತ್ತವೆ. ಬೆಂಗಳೂರಿನ ಪುಸ್ತಕದ ಕನ್ನಡದಲ್ಲಿ ಅಚ್ಚಾದ ಕೈಪಿಡಿ ಅಲ್ಲಿ ಕಪಾಟು ಸೇರೀತು. ಅಕ್ಷರ ಬಾರದವರಿದ್ದರೆ ಚಿತ್ರದ ಕಾರ್ಡು, ತಗಡಿನ ಮಾದರಿ, ಬಣ್ಣ ಬಳಿದ ಅಳತೆಪಟ್ಟಿ ಬೇಕು. ಹೆಂಗಸರು ಮನೆಯಲ್ಲೇ ಕೂತು ಹೆಣಿಗೆ ಹಾಕುವವರು. ತಾಲೂಕು ಕೇಂದ್ರಕ್ಕೆ ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ ಎಂದರೆ ಬರುವವರು ಗಂಡಸರೇ. ಹೆಣಿಗೆ ಹೆಂಗಸರದು, ತರಬೇತಿಯ ಪ್ರಮಾಣಪತ್ರ ಗಂಡಸರದು ಎಂದಾಗಬಾರದು. ನಮ್ಮ ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವ ಮಹಿಳೆಯರನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಪ್ಪಾಣಿಯೂ ತಂಬಾಕು, ಬೀಡಿಯ ಊರೇ.

ಕಾಲವನ್ನೂ ನೋಡಬೇಕು. ಮಳೆಗಾಲದಲ್ಲಿ ಕೊಲ್ಹಾಪುರಿಗೆ ಬೇಡಿಕೆ ಕಡಿಮೆ, ಕೈ ಖಾಲಿ ಇರುತ್ತದೆ, ಆದ್ದರಿಂದ ಆಗಲೇ ಶಿಬಿರ ಇಡೋಣ ಎನಿಸುತ್ತದೆ. ಆದರೆ ಮಳೆಗಾಲದಲ್ಲಿ ಚರ್ಮ ಒಣಗುವುದಿಲ್ಲ. ಕೃಷ್ಣಾ ನದಿ ಉಕ್ಕಿದರೆ, 2019ರ ಆಗಸ್ಟ್‌ನಲ್ಲಿ ಆದಂತೆ, ಶಿಬಿರ ನಡೆಯಬೇಕಾದ ಶಾಲೆಯೇ ಗಂಜಿಕೇಂದ್ರವಾಗುತ್ತದೆ.

ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಪಾದರಕ್ಷೆ ಮಾಡುವುದೂ ಒಂದು. ಅದರಲ್ಲಿ 5ರಿಂದ 7 ದಿನಗಳ ಮೂಲ ತರಬೇತಿ, ಬಯಸಿದವರಿಗೆ 15 ದಿನಗಳ ಉನ್ನತ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ ನೆರವು ಇದೆ. ಕಳೆದುಹೋಗುವ ದಿನಗೂಲಿಯ ಲೆಕ್ಕ ಹಿಡಿದಿರುವುದು ಒಳ್ಳೆಯದೇ. ದಿನಗಳ ಸಂಖ್ಯೆ ದೆಹಲಿಯಲ್ಲಿ ನಿಶ್ಚಯವಾದರೂ ಆ ದಿನಗಳಲ್ಲಿ ಏನು ತುಂಬಬೇಕು ಎಂಬುದನ್ನು ಅಥಣಿಯ ಓಣಿಯಲ್ಲಿ ಕೂತೇ ನಿಶ್ಚಯಿಸಬೇಕು.

ಈ ವಿಧಾನ ಎಲ್ಲಿಂದ ಬಂತು ಎಂದು ಕೇಳುವವರಿಗೆ ಎರಡು ಮಾತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಹೊಸಬರನ್ನು ಬೇಗ ಸಿದ್ಧಗೊಳಿಸಬೇಕಾಯಿತು. ಆಗ ನಾಲ್ಕು ಹೆಜ್ಜೆಯ ಪದ್ಧತಿ ಹುಟ್ಟಿತು: ಕಲಿಯುವವನನ್ನು ಅಣಿಗೊಳಿಸು, ಮಾಡಿ ತೋರಿಸು, ಅವನಿಂದ ಮಾಡಿಸು, ಆಮೇಲೂ ಗಮನಿಸು. 1975ರಲ್ಲಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯ ಅಮೆರಿಕದ ಸೈನ್ಯಕ್ಕಾಗಿ ವಿಶ್ಲೇಷಣೆ, ವಿನ್ಯಾಸ, ತಯಾರಿ, ಅನುಷ್ಠಾನ, ನಿಯಂತ್ರಣ ಎಂಬ ಐದು ಹಂತ ರೂಪಿಸಿತು. ವಾಲ್ಟರ್ ಡಿಕ್ ಮತ್ತು ಲೂ ಕ್ಯಾರಿ ಅವರ 1978ರ ಪುಸ್ತಕ ಇದನ್ನು ಶಿಕ್ಷಕರ ಕೈಗೆ ತಂದಿತು. ಕಥೋಲಿಕರಾದ ನಮಗೆ ಇದು ತೀರ ಅಪರಿಚಿತವಾಗಬೇಕಿಲ್ಲ. ಯೇಸು ಸಭೆಯವರು 1599ರಲ್ಲಿಯೇ ತಮ್ಮ ಶಾಲೆಗಳಿಗೆ ಪಾಠಕ್ರಮವನ್ನು ವಿವರವಾಗಿ ಗೊತ್ತುಪಡಿಸಿದ್ದರು. 1993ರಲ್ಲಿ ಅವರು ಹೊರತಂದ ಶಿಕ್ಷಣ ಕ್ರಮವೂ ಕಲಿಯುವವನ ಪರಿಸರದಿಂದಲೇ ಆರಂಭವಾಗಿ ಅನುಭವ, ಚಿಂತನೆ, ಕ್ರಿಯೆಗಳ ಮೂಲಕ ಮೌಲ್ಯಮಾಪನಕ್ಕೆ ಬರುತ್ತದೆ.

ಪಾಠ ಸಿದ್ಧವಾದ ಮೇಲೆ ನೇರ ಐವತ್ತು ಜನರ ಮುಂದೆ ಒಯ್ಯಬಾರದು. ನಾಲ್ಕೈದು ಮಂದಿಯ ಮೇಲೆ ಮೊದಲು ಪ್ರಯೋಗಿಸಬೇಕು. ತಗಡಿನ ಮಾದರಿ ಚರ್ಮದ ಮೇಲೆ ಜಾರುತ್ತದೆಯೇ, ಕಾರ್ಡಿನ ಚಿತ್ರ ಅರ್ಥವಾಗುತ್ತದೆಯೇ, ಎರಡು ಗಂಟೆ ಸಾಕೇ ಎಂದು ಆಗ ತಿಳಿಯುತ್ತದೆ. ತಿದ್ದಿ ಮತ್ತೆ ನೋಡಬೇಕು. ನಮ್ಮಲ್ಲಿ ಅತಿ ಹೆಚ್ಚು ಬಿಟ್ಟುಹೋಗುವ ಹೆಜ್ಜೆ ಇದು, ಖರ್ಚು ಮಾತ್ರ ಅತಿ ಕಡಿಮೆ.

ಮೌಲ್ಯಮಾಪನಕ್ಕೆ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಕೊಟ್ಟ ನಾಲ್ಕು ಮಟ್ಟಗಳು ಇಂದಿಗೂ ಸಾಕು. ಬಂದವರಿಗೆ ಇಷ್ಟವಾಯಿತೇ? ಕಲಿತರೇ? ಮನೆಗೆ ಹೋಗಿ ಬಳಸಿದರೇ? ಅದರಿಂದ ಫಲ ಏನಾಯಿತು? ನಮ್ಮ ಅನಿಸಿಕೆ ಹಾಳೆಗಳು ಮೊದಲ ಪ್ರಶ್ನೆಗೇ ನಿಲ್ಲುತ್ತವೆ. "ಊಟೋಪಚಾರ ಚೆನ್ನಾಗಿತ್ತು" ಎಂಬ ಸಾಲು ಓದಿ ಸಂಘಟಕರು ಸಂತೋಷಪಡುತ್ತಾರೆ. ಅಥಣಿಯ ಉದಾಹರಣೆಯಲ್ಲಿ ನಾಲ್ಕನೆಯ ಪ್ರಶ್ನೆಗೆ ಉತ್ತರ ಕೊಡುವುದು ಮೂರು ತಿಂಗಳ ನಂತರ ಅಳತೆ ತಪ್ಪಿ ವಾಪಸು ಬಂದ ಜೋಡಿಗಳ ಲೆಕ್ಕ, ಮತ್ತು ಹೊಲಿದ ಹೆಂಗಸಿನ ಕೈಗೆ ಒಂದು ಜೋಡಿಗೆ ಬಂದ ಹಣ.

ಇದಕ್ಕೆ ದೂರ ಹೋಗಬೇಕಿಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯ ವಿಶೇಷವೇ ಇದು. ತರಬೇತಿಯ ಅವಧಿ ಚಿಕ್ಕದು, ಬೆನ್ನಿಗೆ ನಿಲ್ಲುವ ಅವಧಿ ದೊಡ್ಡದು. ಅದೇ ಮಾದರಿಯಲ್ಲಿ ದೇಶದ ಜಿಲ್ಲೆಗಳಲ್ಲಿ ಸ್ಥಾಪನೆಯಾದ ತರಬೇತಿ ಸಂಸ್ಥೆಗಳು ಕಲಿತವರನ್ನು ಎರಡು ವರ್ಷ ಹಿಂಬಾಲಿಸುವ ಕ್ರಮ ಇಟ್ಟುಕೊಂಡಿವೆ.

ಹೊಲಿಗೆ ತರಬೇತಿ, ಜೇನು ಸಾಕಣೆ, ಧರ್ಮೋಪದೇಶ ಶಿಕ್ಷಕರ ಶಿಬಿರ, ಮದುವೆ ಪೂರ್ವಸಿದ್ಧತೆ ಯಾವುದಕ್ಕಾದರೂ ಈ ಕ್ರಮ ಹೊಂದುತ್ತದೆ. ಮೂರು ದಿನದ ಶಿಬಿರಕ್ಕೆ ಕಡಿಮೆಯೆಂದರೂ ಒಂದು ವಾರ ಮನೆಮನೆಗೆ ಹೋಗಿ ಕೇಳುವುದಕ್ಕೆ, ಎರಡು ದಿನ ಸಣ್ಣ ಪ್ರಯೋಗಕ್ಕೆ, ಮೂರು ತಿಂಗಳ ನಂತರ ಒಂದು ಭೇಟಿಗೆ ಸಮಯ ಮತ್ತು ಬಸ್ ಚಾರ್ಜು ಬಜೆಟ್ಟಿನಲ್ಲಿ ಇಡಬೇಕು. ಶಾಲು, ಸ್ಮರಣಿಕೆಗಳ ಬಾಬ್ತಿನಿಂದ ಅಷ್ಟು ಹಣ ಹೊರಡಬಹುದು.