ಗುಡ್ಡದ ಎತ್ತರ: ಹಳೆಯ ನಕ್ಷೆಯ ಲೆಕ್ಕ, ಲೇಸರಿನ ಲೆಕ್ಕ

ಮಳೆಗಾಲ ಮುಗಿದು ಆಕಾಶ ತಿಳಿಯಾದ ದಿನ ಮರವಂತೆಯ ಕಡಲತೀರದಲ್ಲಿ ನಿಂತು ಪೂರ್ವಕ್ಕೆ ನೋಡಿ. ಸೌಪರ್ಣಿಕೆಯ ಆಚೆ, ತೆಂಗಿನ ತೋಟಗಳ ತಲೆಯ ಮೇಲೆ, ಪಶ್ಚಿಮಘಟ್ಟದ ನೀಲಿ ಗೋಡೆ ಕಾಣುತ್ತದೆ. ಅದರಲ್ಲಿ ಎದ್ದು ತೋರುವ ಶಿಖರ ಕೊಡಚಾದ್ರಿ. ಅದರ ಎತ್ತರ ಎಷ್ಟು? ಒಂದು ಶತಮಾನದ ಹಿಂದಿನ ಇಂಪೀರಿಯಲ್ ಗೆಝೆಟಿಯರ್ 4,411 ಅಡಿ ಎಂದು ಹೇಳುತ್ತದೆ. ಮೀಟರಿಗೆ ಬದಲಿಸಿದರೆ 1,344.5. ಇಂದಿನ ಪುಸ್ತಕಗಳಲ್ಲಿ ನಾವು ಓದುವುದು 1,343 ಮೀಟರ್. ನಡುವೆ ಒಂದೂವರೆ ಮೀಟರಿನಷ್ಟು ಅಂತರವಿದೆ. ನೂರು ವರ್ಷಗಳಲ್ಲಿ ಬೆಟ್ಟ ಅಷ್ಟು ಕುಗ್ಗಿತೇ? ಖಂಡಿತ ಇಲ್ಲ. ಹಾಗಾದರೆ ಅಂತರ ಎಲ್ಲಿಂದ ಬಂತು?

ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ನಿಜವಾಗಿಯೂ ಎತ್ತರ ಕಳೆದುಕೊಳ್ಳುತ್ತಿರುವ ಗುಡ್ಡಗಳಿವೆ. ಯಾವ ಅಂತರ ಅಳತೆಯ ದೋಷ, ಯಾವುದು ನೆಲದ ನಿಜವಾದ ಬದಲಾವಣೆ ಎಂದು ಬೇರ್ಪಡಿಸಲು ತಿಳಿದಾಗ ಮಾತ್ರ ಅವುಗಳ ಲೆಕ್ಕ ಇಡಬಹುದು.

ದೂರದಿಂದ ಅಳೆದ ಎತ್ತರ

ದಕ್ಷಿಣ ಭಾರತದಲ್ಲಿ ವೈಜ್ಞಾನಿಕ ಭೂಮಾಪನಕ್ಕೆ ತಳಪಾಯ ಹಾಕಿದವನು ವಿಲಿಯಂ ಲ್ಯಾಂಬ್‌ಟನ್. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಸುಮಾರು ಏಳೂವರೆ ಮೈಲಿ ಉದ್ದದ ಆಧಾರರೇಖೆಯೊಂದನ್ನು ಸರಪಳಿಯಿಂದ ಅಳೆದು, ಅದರ ಮೇಲೆ ತ್ರಿಕೋನಗಳನ್ನು ಪೋಣಿಸುತ್ತ ಆತ ಘಟ್ಟವಿಳಿದು ಮಂಗಳೂರಿನ ಕಡಲಿನವರೆಗೆ ಬಂದ. ಪರ್ಯಾಯದ್ವೀಪದ ಅಗಲ ನಕ್ಷೆಗಳಲ್ಲಿ ತೋರಿಸಿದಂತೆ 400 ಮೈಲಿ ಅಲ್ಲ, 360 ಮೈಲಿ ಎಂಬುದು ಆಗ ತಿಳಿಯಿತು. ಯಾರೂ ಕದಿಯದೆ ನಲವತ್ತು ಮೈಲಿ ನೆಲ ಮಾಯವಾಗಿತ್ತು!

ತ್ರಿಕೋನಮಾಪನದಲ್ಲಿ ಶಿಖರದ ಎತ್ತರ ತಿಳಿಯಲು ಅದನ್ನು ಹತ್ತಲೇಬೇಕೆಂದಿಲ್ಲ. ದೂರ ಗೊತ್ತಿದ್ದು, ಥಿಯೊಡೊಲೈಟಿನಿಂದ ಉನ್ನತಿ ಕೋನವನ್ನು ಓದಿದರೆ ಸಾಕು. ಮರವಂತೆಯಿಂದ ಕೊಡಚಾದ್ರಿಗೆ ನೇರ ದೂರ ಸುಮಾರು 30 ಕಿ.ಮೀ. ಅಷ್ಟು ದೂರದಲ್ಲಿ ಕೋನದ ಓದಿನಲ್ಲಿ ಒಂದು ಸೆಕೆಂಡ್ (ಡಿಗ್ರಿಯ 3,600ರಲ್ಲಿ ಒಂದು ಪಾಲು) ತಪ್ಪಿದರೆ ಎತ್ತರದಲ್ಲಿ ತಪ್ಪುವುದು ಸುಮಾರು 15 ಸೆಂ.ಮೀ. ಮಾತ್ರ. ತೊಂದರೆ ಇರುವುದು ಬೇರೆಡೆ.

ಮೊದಲನೆಯದು ಭೂಮಿಯ ಬಾಗು. ದೂರದ ವರ್ಗವನ್ನು ಭೂಮಿಯ ವ್ಯಾಸದಿಂದ ಭಾಗಿಸಿದರೆ ಬಾಗಿನಿಂದಾಗಿ ಬೆಟ್ಟ ಎಷ್ಟು ತಗ್ಗಿದಂತೆ ಕಾಣುತ್ತದೆ ಎಂಬುದು ಸಿಗುತ್ತದೆ. 900ನ್ನು 12,742ರಿಂದ ಭಾಗಿಸಿ, 0.071 ಕಿ.ಮೀ., ಅಂದರೆ 71 ಮೀಟರ್. ಇದು ಶುದ್ಧ ಜ್ಯಾಮಿತಿ, ಸರಿಪಡಿಸುವುದು ಸುಲಭ. ಎರಡನೆಯದು ಗಾಳಿಯ ವಕ್ರೀಭವನ. ಕೆಳಗಿನ ಗಾಳಿ ದಟ್ಟ, ಮೇಲಿನದು ವಿರಳ. ಆದ್ದರಿಂದ ಬೆಳಕಿನ ಕಿರಣ ಸ್ವಲ್ಪ ಬಾಗಿ ಬಂದು ಬೆಟ್ಟವನ್ನು ಇರುವುದಕ್ಕಿಂತ ಎತ್ತರಕ್ಕೆ ಎತ್ತಿ ತೋರಿಸುತ್ತದೆ. ಸಾಮಾನ್ಯವಾಗಿ ಇದು ಬಾಗಿನ ಪರಿಣಾಮದ ಶೇಕಡ 13ರಷ್ಟನ್ನು, ಅಂದರೆ 9 ಮೀಟರನ್ನು ಕಳೆಯುತ್ತದೆ. ಆದರೆ ಆ ದಿನದ ಉಷ್ಣತೆಯನ್ನು ಅವಲಂಬಿಸಿ ಶೇಕಡ 13 ಎಂಬುದು 15 ಆದರೆ? 71 ಮೀಟರಿನ ಶೇಕಡ 2, ಸುಮಾರು 1.4 ಮೀಟರ್! ನಮ್ಮ ಒಂದೂವರೆ ಮೀಟರಿನ ಒಗಟು ಇಷ್ಟರಲ್ಲೇ ಅಡಗಿಹೋಗಬಲ್ಲದು. ಕಡಲ ಕಡೆಯಿಂದ ಗಾಳಿ ಬೀಸುವ ಊರಿನಲ್ಲಿ ವಕ್ರೀಭವನ ಬೆಳಿಗ್ಗೆ ಒಂದು ರೀತಿ, ಮಧ್ಯಾಹ್ನ ಇನ್ನೊಂದು ರೀತಿ ಇರುತ್ತದೆ. ಹಳೆಯ ಸರ್ವೇಕ್ಷಕರಿಗೆ ಇದು ಚೆನ್ನಾಗಿ ಗೊತ್ತಿತ್ತು. ಹಲವು ಠಾಣೆಗಳಿಂದ ನೋಡಿ ಸರಾಸರಿ ತೆಗೆಯುತ್ತಿದ್ದರು. ಹಾಗೆ ನೋಡಿದರೆ ಅವರ ನಿಖರತೆ ಬೆರಗು ಹುಟ್ಟಿಸುವಂಥದು.

ಯಾವ ಸಮುದ್ರದಿಂದ?

ಎತ್ತರ ಎಂದರೆ ಸಮುದ್ರಮಟ್ಟದಿಂದ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಸಮುದ್ರವೋ ದಿನಕ್ಕೆ ಎರಡು ಬಾರಿ ಏರಿಳಿಯುತ್ತದೆ. ಹಾಗಾಗಿ ದೀರ್ಘಕಾಲ ಉಬ್ಬರವಿಳಿತವನ್ನು ದಾಖಲಿಸಿ ಸರಾಸರಿ ಸಮುದ್ರಮಟ್ಟವನ್ನು ನಿರ್ಧರಿಸುತ್ತಾರೆ. ಭಾರತದ 1909ರ ಎತ್ತರದ ಮಾನಕಕ್ಕೆ ಒಂಬತ್ತು ಬಂದರುಗಳ ದಾಖಲೆ ಆಧಾರವಾಯಿತು. ಅವುಗಳಲ್ಲಿ ಒಂದು ನಮ್ಮ ಕಾರವಾರ.

ಜಿ.ಪಿ.ಎಸ್. ಉಪಗ್ರಹಗಳಿಗೆ ಈ ಸಮುದ್ರ ಗೊತ್ತಿಲ್ಲ. ಅವು ಎತ್ತರವನ್ನು ಅಳೆಯುವುದು ಭೂಮಿಗೆ ಹೊಂದಿಸಿದ, ನುಣುಪಾದ ಎಲಿಪ್ಸಾಯ್ಡ್ ಎಂಬ ಕಾಲ್ಪನಿಕ ಗೋಳದಿಂದ. ನಿಜವಾದ ಸಮುದ್ರಮಟ್ಟ ಗುರುತ್ವವನ್ನು ಅನುಸರಿಸಿ ಉಬ್ಬುತಗ್ಗಾಗಿರುತ್ತದೆ. ಈ ಮೇಲ್ಮೈಗೆ ಜಿಯಾಯ್ಡ್ ಎಂದು ಹೆಸರು. ಇಡೀ ಭೂಮಿಯಲ್ಲಿ ಜಿಯಾಯ್ಡ್ ಅತ್ಯಂತ ಆಳಕ್ಕೆ, ಸುಮಾರು 106 ಮೀಟರ್ ಇಳಿದಿರುವುದು ಶ್ರೀಲಂಕಾದ ದಕ್ಷಿಣಕ್ಕಿರುವ ಹಿಂದೂ ಮಹಾಸಾಗರದಲ್ಲಿ. ನಮ್ಮ ಕರಾವಳಿ ಆ ತಗ್ಗಿನ ಅಂಚಿನಲ್ಲಿದೆ. ಇಲ್ಲಿ ಎರಡರ ನಡುವಿನ ಅಂತರ ಸುಮಾರು 80ರಿಂದ 90 ಮೀಟರ್. ಅಂದರೆ ಮರವಂತೆಯಲ್ಲಿ ಪಾದಕ್ಕೆ ಅಲೆ ತಾಗುತ್ತಿರುವಾಗ ಜಿ.ಪಿ.ಎಸ್. ಗ್ರಾಹಕದ ತಿದ್ದದ ಎತ್ತರವನ್ನು ಓದಿದರೆ ಸೊನ್ನೆಯ ಬದಲು ಋಣ ಎಂಬತ್ತಕ್ಕೂ ಕೆಳಗಿನ ಸಂಖ್ಯೆ ಬರುತ್ತದೆ. ಗ್ರಾಹಕ ಕೆಟ್ಟಿಲ್ಲ, ಅದು ಬೇರೆ ಸೊನ್ನೆಯಿಂದ ಎಣಿಸುತ್ತಿದೆ, ಅಷ್ಟೆ. ಲೇಸರ್ ಅಳತೆಗೂ ಈ ತಿದ್ದುಪಡಿ ಬೇಕೇಬೇಕು.

ಬೆಳಕಿನ ಅಳತೆಪಟ್ಟಿ

ಲೈಡಾರ್ ಎಂಬ ಲೇಸರ್ ಸರ್ವೇಕ್ಷಣೆಯ ತತ್ತ್ವ ಸರಳ. ವಿಮಾನ, ಡ್ರೋನ್ ಅಥವಾ ಉಪಗ್ರಹದಿಂದ ಲೇಸರ್ ಸ್ಪಂದವನ್ನು ಕೆಳಕ್ಕೆ ಬಿಡುತ್ತಾರೆ. ಅದು ನೆಲಕ್ಕೆ ಬಡಿದು ಮರಳಿ ಬರಲು ಹಿಡಿದ ಕಾಲವನ್ನು ಅಳೆಯುತ್ತಾರೆ. ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನಲ್ಲಿ ಬೆಳಕು 30 ಸೆಂ.ಮೀ. ಚಲಿಸುತ್ತದೆ. ಹೋಗಿ ಬರುವ ದಾರಿ ಎರಡು ಪಟ್ಟಾದ್ದರಿಂದ ಅಷ್ಟು ಕಾಲದ ತಪ್ಪಿಗೆ ಎತ್ತರದಲ್ಲಿ 15 ಸೆಂ.ಮೀ. ತಪ್ಪುತ್ತದೆ.

ಕಾಡಿನ ನಾಡಿಗೆ ಲೈಡಾರಿನ ದೊಡ್ಡ ಉಪಕಾರ ಇನ್ನೊಂದಿದೆ. ಸ್ಪಂದದ ಒಂದಂಶ ಮರದ ನೆತ್ತಿಗೆ ತಾಗಿ ಮೊದಲು ಮರಳುತ್ತದೆ. ಎಲೆಗಳ ಸಂದಿನಲ್ಲಿ ನುಸುಳಿದ ಅಂಶ ನೆಲ ಮುಟ್ಟಿ ಕೊನೆಗೆ ಮರಳುತ್ತದೆ. ಮೊದಲನೆಯದು ಮರದ ಎತ್ತರವನ್ನೂ ಕೊನೆಯದು ನೆಲದ ಎತ್ತರವನ್ನೂ ಹೇಳುತ್ತದೆ. 2000ದ ಫೆಬ್ರವರಿಯಲ್ಲಿ ಗಗನನೌಕೆಯಿಂದ 11 ದಿನ ನಡೆದ ಎಸ್.ಆರ್.ಟಿ.ಎಂ. ರೇಡಾರ್ ಸರ್ವೇಕ್ಷಣೆಗೆ ಈ ಶಕ್ತಿ ಇರಲಿಲ್ಲ. ಮೂಕಾಂಬಿಕಾ ಅಭಯಾರಣ್ಯದಂಥ ದಟ್ಟ ಕಾಡಿನಲ್ಲಿ ಅದು ಮರಗಳ ಹಂದರವನ್ನೇ ಬಹುಮಟ್ಟಿಗೆ ನೆಲವೆಂದು ಎಣಿಸಿತು.

ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಇಂಥ ಮರು ಅಳತೆ ಹವ್ಯಾಸಿಗಳ ಆಸಕ್ತಿಯಾಗಿಯೂ ಬೆಳೆದಿದೆ. 2008ರಲ್ಲಿ ಜಿ.ಪಿ.ಎಸ್.ನಿಂದ ಅಳೆದಾಗ ಅಲ್ಲಿನ ಮನಿದ್ ಗ್ರೈಗ್ ಗೋಕ್ ಎಂಬ ಬೆಟ್ಟ ನಕ್ಷೆಯಲ್ಲಿದ್ದ 1,998 ಅಡಿಯಲ್ಲ, 2,000 ಅಡಿ 6 ಅಂಗುಲ ಎಂದು ತಿಳಿದು ‘ಪರ್ವತ’ಗಳ ಪಟ್ಟಿ ಸೇರಿತು. 2010ರಲ್ಲಿ ಗ್ಲಿಡರ್ ವಾವ್ರ್ ಶಿಖರ 999 ಮೀಟರಿನಿಂದ 1,000.8ಕ್ಕೆ ಏರಿತು. ಈಗ ಆ ಇಡೀ ಪ್ರಾಂತದ, ಮೀಟರಿಗೊಂದು ಬಿಂದುವಿನಂತೆ ಅಳೆದ ಲೈಡಾರ್ ದತ್ತಾಂಶ ಯಾರಿಗಾದರೂ ಉಚಿತ. ಹಳೆಯ ನಕ್ಷೆಗಳನ್ನು ಅದರ ಪಕ್ಕದಲ್ಲಿಟ್ಟು ಮನೆಯಲ್ಲೇ ಕುಳಿತು ಬೆಟ್ಟಗಳನ್ನು ಪರಿಶೀಲಿಸಬಹುದು.

ಶಿಖರ ಕಷ್ಟ, ಚಪ್ಪಟೆ ಗುಡ್ಡ ಸುಲಭ

ನಮ್ಮಲ್ಲಿ ಉಚಿತವಾಗಿ ಸಿಗುವ ಲೇಸರ್ ದತ್ತಾಂಶ ಬರುವುದು ಮುಖ್ಯವಾಗಿ ಅಂತರಿಕ್ಷದಿಂದ. 2018ರ ಸೆಪ್ಟೆಂಬರಿನಲ್ಲಿ ಹಾರಿಸಿದ ಐಸ್‌ಸ್ಯಾಟ್-2 ಉಪಗ್ರಹ ಸೆಕೆಂಡಿಗೆ 10,000 ಹಸಿರು ಸ್ಪಂದಗಳನ್ನು ಬಿಡುತ್ತದೆ. ನೆಲದ ಮೇಲೆ ಒಂದರಿಂದ ಇನ್ನೊಂದಕ್ಕೆ ಸುಮಾರು 70 ಸೆಂ.ಮೀ. ಅದೇ ವರ್ಷದ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಹೋದ ಜೆಡೈ ಉಪಕರಣದ ಪ್ರತಿ ಸ್ಪಂದ ನೆಲದ ಮೇಲೆ 25 ಮೀಟರ್ ಅಗಲದ ವೃತ್ತವನ್ನು ಬೆಳಗುತ್ತದೆ.

ಈ ವೃತ್ತ ಕೊಡಚಾದ್ರಿಯ ಮೇಲೆ ಬಿದ್ದರೆ ಏನಾಗುತ್ತದೆ? ಇಳಿಜಾರು 30 ಡಿಗ್ರಿ ಇದ್ದರೆ ವೃತ್ತದ ಮೇಲಂಚಿಗೂ ಕೆಳಂಚಿಗೂ 14 ಮೀಟರ್ ಎತ್ತರದ ಅಂತರವಿರುತ್ತದೆ. ಮರಳಿದ ಸ್ಪಂದ ಹಿಗ್ಗಿ ಹರಡಿಹೋಗುತ್ತದೆ. ಸ್ಪಂದ ಶಿಖರದ ತುದಿಗೇ ಬಿದ್ದಿತು ಎನ್ನುವ ಭರವಸೆಯೂ ಇಲ್ಲ. ಬಿದ್ದರೂ ಅದು ಮುಟ್ಟಿದ್ದು ಬಂಡೆಯನ್ನೋ, ಸರ್ವಜ್ಞಪೀಠದ ಕಲ್ಲಿನ ಮಂಟಪದ ಮಾಡನ್ನೋ? ಆದ್ದರಿಂದ ಕೊಡಚಾದ್ರಿಯ ಒಂದೂವರೆ ಮೀಟರನ್ನು ಅಂತರಿಕ್ಷದ ಲೇಸರ್ ಇತ್ಯರ್ಥ ಮಾಡಲಾರದು. ಅದಕ್ಕೆ ಉತ್ತಮ ಜಿ.ಪಿ.ಎಸ್. ಗ್ರಾಹಕ ಹೊತ್ತು ಮೇಲೆ ಹೋಗಬೇಕು, ಇಲ್ಲವೇ ವಿಮಾನದ ಲೈಡಾರ್ ಬೇಕು.

ಆದರೆ ಕಡಲಿಗೂ ಘಟ್ಟಕ್ಕೂ ನಡುವಿನ ಕೆಂಪುಕಲ್ಲಿನ ಗುಡ್ಡೆಗಳನ್ನು ನೋಡಿ. ನೆತ್ತಿ ಮೇಜಿನಂತೆ ಚಪ್ಪಟೆ. ಮರ ಕಡಿಮೆ, ಮುಳಿಹುಲ್ಲು ಹೆಚ್ಚು. ಅಲ್ಲಿ 25 ಮೀಟರ್ ವೃತ್ತದೊಳಗಿನ ಎತ್ತರವೆಲ್ಲ ಹೆಚ್ಚುಕಡಿಮೆ ಒಂದೇ. ಯಾವ ಪಟ್ಟಿಯಲ್ಲೂ ಹೆಸರಿಲ್ಲದ ಈ ಗುಡ್ಡೆಗಳೇ ಲೇಸರಿಗೆ ಹೇಳಿ ಮಾಡಿಸಿದ ಜಾಗ. ಮತ್ತು ಕಲ್ಲಿನ ಕೋರೆಗೆ, ಮಣ್ಣಿಗೆ, ರಸ್ತೆಗೆ ಕರಗುತ್ತಿರುವುದೂ ಇವೇ.

ಎರಡು ನಕ್ಷೆಗಳನ್ನು ಕೂಡಿಸುವಾಗ

ಹಳೆಯ ಎತ್ತರಕ್ಕೆ ನಮಗಿರುವ ಆಧಾರ ಸರ್ವೇ ಆಫ್ ಇಂಡಿಯಾದ 1:50,000 ಪ್ರಮಾಣದ ಸ್ಥಳಾಕೃತಿ ನಕ್ಷೆ. ಈ ಮೂರು ತಾಲೂಕುಗಳು 48ಕೆ ಎಂಬ ಗುಂಪಿನ ಹಾಳೆಗಳಲ್ಲಿವೆ. ಕುಂದಾಪುರ 48ಕೆ/10ರಲ್ಲಿ, ಕೊಡಚಾದ್ರಿ 48ಕೆ/13ರಲ್ಲಿ. ಸಮೋನ್ನತ ರೇಖೆಗಳ ನಡುವಿನ ಅಂತರ 20 ಮೀಟರ್. ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ.

ಮೊದಲನೆಯದು, ಹಳೆಯ ಹಾಳೆಗಳು 1830ರ ಎವರೆಸ್ಟ್ ಎಲಿಪ್ಸಾಯ್ಡನ್ನು ಆಧರಿಸಿವೆ. ಉಪಗ್ರಹಗಳ ಎಲಿಪ್ಸಾಯ್ಡ್ ಬೇರೆ. ಅಕ್ಷಾಂಶ ರೇಖಾಂಶಗಳನ್ನು ಹಾಗೆಯೇ ಹೊಂದಿಸಿದರೆ ನಮ್ಮ ಭಾಗದಲ್ಲಿ ನಕ್ಷೆ ನೂರರಿಂದ ಇನ್ನೂರು ಮೀಟರ್ ಪಕ್ಕಕ್ಕೆ ಸರಿಯುತ್ತದೆ. 20 ಡಿಗ್ರಿ ಇಳಿಜಾರಿನಲ್ಲಿ 150 ಮೀಟರ್ ಸರಿದರೆ ಎತ್ತರದಲ್ಲಿ 55 ಮೀಟರ್ ವ್ಯತ್ಯಾಸ! ಕುಸಿಯದ ಬೆಟ್ಟವೂ ಕುಸಿದಂತೆ ಕಾಣುತ್ತದೆ. ದೇವಸ್ಥಾನ, ಹಳೆಯ ಸೇತುವೆ, ತ್ರಿಕೋನಮಾಪನದ ಠಾಣೆ ಮುಂತಾದ ಕದಲದ ಗುರುತುಗಳನ್ನು ಹಿಡಿದು ನಕ್ಷೆಯನ್ನು ಮೊದಲು ಸರಿಯಾಗಿ ಕೂರಿಸಿಕೊಳ್ಳಬೇಕು.

ಎರಡನೆಯದು, ಸಮೋನ್ನತ ರೇಖೆಯ ದೋಷ ಅದರ ಅಂತರದ ಅರ್ಧದಷ್ಟು, ಅಂದರೆ 10 ಮೀಟರ್ ಇರಬಹುದೆಂದು ಭಾವಿಸುವುದು ವಾಡಿಕೆ. ಆದ್ದರಿಂದ ಲೇಸರ್ ಎಷ್ಟೇ ನಿಖರವಾಗಿದ್ದರೂ ಹಳೆಯ ನಕ್ಷೆಗೆ ಹೋಲಿಸಿ ‘ಈ ಗುಡ್ಡ ಮೂರು ಮೀಟರ್ ತಗ್ಗಿದೆ’ ಎಂದರೆ ಅದು ವಿಜ್ಞಾನವಲ್ಲ. ವ್ಯತ್ಯಾಸ ಹದಿನೈದು ಇಪ್ಪತ್ತು ಮೀಟರ್ ಇದ್ದರೆ ಮಾತ್ರ ಮಾತಾಡಬಹುದು. ಸಣ್ಣ ವ್ಯತ್ಯಾಸವನ್ನು ಹಿಡಿಯಲು ಒಂದು ಲೇಸರ್ ಅಳತೆಯನ್ನು ಇನ್ನೊಂದು ಲೇಸರ್ ಅಳತೆಗೇ ಹೋಲಿಸಬೇಕು.

ಒತ್ತಿನೆಣೆಯ ಪಾಠ

ಬೈಂದೂರಿನ ಉತ್ತರಕ್ಕೆ, ರಾಷ್ಟ್ರೀಯ ಹೆದ್ದಾರಿ 66ರ ಮೇಲಿರುವ ಒತ್ತಿನೆಣೆಯ ಗುಡ್ಡವನ್ನು ಚತುಷ್ಪಥ ರಸ್ತೆಗಾಗಿ ಕಡಿಯಲಾಯಿತು. 2017ರ ಜೂನ್ ಮಳೆಗೆ ಅದು ಕುಸಿದು, ಕೆಸರು ರಸ್ತೆಗೆ ಹರಿದು ಸಂಚಾರ ನಿಂತಿತು. ನಮ್ಮ ಕರಾವಳಿಯ ಇಂಥ ಗುಡ್ಡಗಳ ರಚನೆಯೇ ವಿಚಿತ್ರ. ಮೇಲೆ ಗಾಳಿಗೆ ಒಡ್ಡಿ ಗಟ್ಟಿಯಾದ ಕೆಂಪುಕಲ್ಲಿನ ಮುಚ್ಚಳ. ಅದರ ಕೆಳಗೆ ಮೆತ್ತನೆಯ ಶೇಡಿಮಣ್ಣು. ಮುಚ್ಚಳ ಇರುವವರೆಗೆ ಗುಡ್ಡ ಭದ್ರ. ಕಡಿದು ನೆಟ್ಟಗೆ ನಿಲ್ಲಿಸಿದಾಗ ಶೇಡಿಮಣ್ಣು ಹೊರಗೆ ಬರುತ್ತದೆ. ನೀರು ಕುಡಿದರೆ ಅದರ ಕಣಗಳ ನಡುವಿನ ಹಿಡಿತ ಸಡಿಲಿ ಜಾರುತ್ತದೆ.

ಕೋರೆಯ ಲೆಕ್ಕವನ್ನೂ ಮಾಡೋಣ. ಒಂದು ಹೆಕ್ಟೇರ್ ನೆತ್ತಿಯಲ್ಲಿ 5 ಮೀಟರ್ ಆಳ ಕಲ್ಲು ತೆಗೆದರೆ 50,000 ಘನಮೀಟರ್. ಹತ್ತು ಟನ್ನಿನ ಲಾರಿಯಲ್ಲಿ ಸುಮಾರು ಹತ್ತು ಸಾವಿರ ಲೋಡು. ಹಳೆಯ ನಕ್ಷೆಯ 10 ಮೀಟರ್ ದೋಷದೊಳಗೆ ಇದು ಪೂರ್ತಿ ಮುಚ್ಚಿಹೋಗುತ್ತದೆ. ಆಗಾಗ ಅಳೆದ ಲೇಸರ್ ನಕ್ಷೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ವರ್ಷಕ್ಕೆ 4,000 ಮಿ.ಮೀ. ಮಳೆ ಹಿಡಿದರೆ ಅದೇ ಒಂದು ಹೆಕ್ಟೇರಿನ ಮೇಲೆ ಬೀಳುವುದು ನಾಲ್ಕು ಕೋಟಿ ಲೀಟರ್ ನೀರು. ತೂತುತೂತಾದ ಕೆಂಪುಕಲ್ಲು ಅದರಲ್ಲಿ ಒಂದು ಪಾಲನ್ನು ಇಂಗಿಸಿ ಕೆಳಗಿನ ಬೈಲಿನ ಬಾವಿಗಳಿಗೆ ಬೇಸಿಗೆಯವರೆಗೆ ಒದಗಿಸುತ್ತದೆ. ಗುಡ್ಡೆಯ ಎತ್ತರ ಎಂದರೆ ಬಾವಿಯ ನೀರು ಎಂದೂ ಓದಬಹುದು.

ಈಗಲೇ ಬೇಕಾದ ಅಳತೆ

2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ತಯಾರಿಕೆಯ ನಿರ್ಬಂಧಗಳನ್ನು ಬಹಳಷ್ಟು ಸಡಿಲಿಸಿತು. 2022ರ ರಾಷ್ಟ್ರೀಯ ಭೂದೇಶ ನೀತಿ 2030ರೊಳಗೆ ಬಯಲಿಗೆ 25 ಸೆಂ.ಮೀ., ಗುಡ್ಡಗಾಡಿಗೆ 1ರಿಂದ 3 ಮೀಟರ್ ಮಟ್ಟದ ನಿಖರ ಎತ್ತರದ ಮಾದರಿಯನ್ನು ಸಿದ್ಧಪಡಿಸುವ ಗುರಿ ಇಟ್ಟಿದೆ. ಆ ಅಳತೆ ಬರುವಷ್ಟರಲ್ಲಿ ಗುಡ್ಡೆಯೇ ಇಲ್ಲವಾಗಿದ್ದರೆ ಹೋಲಿಸುವುದು ಯಾವುದಕ್ಕೆ?

ಆದುದರಿಂದ ಕಾಲೇಜುಗಳ ಭೌತಶಾಸ್ತ್ರ, ಭೂಗೋಳ ವಿಭಾಗಗಳು ಈಗಲೇ ತೊಡಗಬಹುದು. ಊರಿನ ಒಂದು ಚಪ್ಪಟೆ ಗುಡ್ಡೆಯನ್ನು ಆರಿಸಿಕೊಳ್ಳಿ. ಸ್ಥಳಾಕೃತಿ ನಕ್ಷೆಯಲ್ಲಿ ಅದರ ರೇಖೆಗಳನ್ನು ಓದಿ. ಐಸ್‌ಸ್ಯಾಟ್-2, ಜೆಡೈ ದತ್ತಾಂಶದಲ್ಲಿ ಅದರ ಮೇಲೆ ಬಿದ್ದ ಬಿಂದುಗಳನ್ನು ಹುಡುಕಿ, ಜಿಯಾಯ್ಡ್ ತಿದ್ದುಪಡಿ ಮಾಡಿ, ಎರಡರ ದೋಷವನ್ನೂ ಪಕ್ಕದಲ್ಲಿ ಬರೆದು ದಿನಾಂಕ ಹಾಕಿ ಇಡಿ. ವೇಲ್ಸ್‌ನವರು ತಮ್ಮ ಬೆಟ್ಟ ಆರು ಅಂಗುಲದಿಂದ ಪರ್ವತವಾಯಿತೆಂದು ಸಂತೋಷಪಟ್ಟರು. ನಮ್ಮ ಗುಡ್ಡೆಗಳಿಗೆ ಬಡ್ತಿ ಬೇಡ. ಇಂದು ಅವು ಎಷ್ಟು ಎತ್ತರ ಇವೆ ಎಂಬ ದಾಖಲೆಯೊಂದು ಸಾಕು.