ಹೊಲಿದ ಹಡಗಿನ ಚಳಿಗಾಲದ ಯಾನ

ಮಂಗಳೂರಿನ ಹಂಚು ಹೊತ್ತ ಹಾಯಿಹಡಗುಗಳು ಮುಂಬಯಿಗೆ ಬರುತ್ತಿದ್ದುದನ್ನು ನಮ್ಮ ಹಿರಿಯರು ಬಲ್ಲರು. ಅಜಂತಾದ 5ನೆಯ ಶತಮಾನದ ಚಿತ್ರವನ್ನನುಸರಿಸಿ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದ ‘ಕೌಂಡಿನ್ಯ’ವು 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾದಳವನ್ನು ಸೇರಿತು. ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು 2026ರ ಜನವರಿ 14ರಂದು ಮಸ್ಕತ್ತನ್ನು ಮುಟ್ಟಿತು. ಯಂತ್ರವಿಲ್ಲ, ಕೋಣೆಗಳಿಲ್ಲ, ನಾವಿಕರು ಮಲಗಿದುದೂ ಡೆಕ್ಕಿನ ಮೇಲೆಯೇ. ಗಾಳಿ ಬಿದ್ದರೆ ಇಂಥ ಹಡಗು ಮುಂದೆ ಸಾಗದು, ಹೊರಳಾಟ ಮಾತ್ರ ನಿಲ್ಲದು.

ಕಡಲಬೇನೆ ಕಾಡುವುದು ಆಗಲೇ. ಒಳಗಿವಿಯು ಚಲನೆಯನ್ನು ಸಾರುತ್ತಿರುವಾಗ ಕಣ್ಣು ಕದಲದ ಹಲಗೆಯನ್ನು ಕಾಣುತ್ತದೆ; ಈ ವಿರೋಧದಿಂದ ಓಕರಿಕೆ ಹುಟ್ಟುತ್ತದೆ. ವಾಂತಿಗಿಂತಲೂ ಅದರಿಂದಾಗುವ ನೀರಿನ ನಷ್ಟವೇ ಅಪಾಯಕರ. ಗುಟುಕುಗುಟುಕಾಗಿ ನೀರು ಕುಡಿಯಬೇಕು. ಬಹುಮಂದಿಗೆ ಎರಡು ಮೂರು ದಿನಗಳಲ್ಲಿ ಶರೀರವು ಒಗ್ಗಿಕೊಳ್ಳುತ್ತದೆ. ಎಲಿಫೆಂಟಾದ ಲಾಂಚಿನಲ್ಲೇ ಮುಖ ಬಾಡುವವರು ನಡುಭಾಗದಲ್ಲಿ ಕುಳಿತು ದಿಗಂತವನ್ನು ನೋಡಲಿ. ವೃತ್ತಪತ್ರಿಕೆಯನ್ನು ಮನೆಯಲ್ಲೇ ಬಿಟ್ಟು ಬರಲಿ.