ಮೂರು ವಾರ ದಾಟಿದ ಕೆಮ್ಮು

ನಮ್ಮ ಉತ್ತರ ಬೆಂಗಳೂರಿನ ಮನೆಗಳಲ್ಲಿ ಕೆಮ್ಮಿಗೆ ಕಾರಣ ಹುಡುಕಬೇಕಾಗಿಲ್ಲ, ನಾಲಿಗೆಯ ತುದಿಯಲ್ಲೇ ಇರುತ್ತದೆ. ಹೆಬ್ಬಾಳದ ಫ್ಲೈಓವರ್ ಹೊಗೆ, ಯಲಹಂಕದ ಬೆಳಗಿನ ಚಳಿ, ಯಶವಂತಪುರದಲ್ಲಿ ಲಾರಿಗಳು ಎಬ್ಬಿಸುವ ಧೂಳು. ಶುಂಠಿ ಕಷಾಯ ಕುದಿಯುತ್ತದೆ, ಮೆಡಿಕಲ್ ಸ್ಟೋರಿನಿಂದ ಸಿರಪ್ ಬರುತ್ತದೆ. ಬಹುಪಾಲು ಕೆಮ್ಮು ಅಷ್ಟಕ್ಕೇ ಹೋಗಿಯೂ ಬಿಡುತ್ತದೆ. ನಾನು ಹೇಳಹೊರಟಿರುವುದು ಹೋಗದೆ ಉಳಿಯುವ ಕೆಮ್ಮಿನ ವಿಚಾರ.

‘ನಮ್ಮ ಮೆಟ್ರೊ’ದಲ್ಲಿ ಓಡಾಡಿದ ನಾವೆಲ್ಲ ಅಪರ್ಣಾ ಅವರ ದನಿ ಕೇಳಿದ್ದೇವೆ. ಮುಂದಿನ ನಿಲ್ದಾಣ ಯಾವುದೆಂದು ಸ್ಪಷ್ಟ ಕನ್ನಡದಲ್ಲಿ ತಿಳಿಸುತ್ತಿದ್ದ ಆ ನಿರೂಪಕಿ 2024ರ ಜುಲೈ 11ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಎರಡು ವರ್ಷದ ಹಿಂದೆ ಪತ್ತೆಯಾದಾಗಲೇ ರೋಗ ನಾಲ್ಕನೇ ಹಂತದಲ್ಲಿತ್ತು ಎಂದು ಅವರ ಪತಿ ನಾಗರಾಜ ವಸ್ತಾರೆ ತಿಳಿಸಿದ್ದರು. ನಾಲ್ಕನೇ ಹಂತವೆಂದರೆ ಗಡ್ಡೆ ಹುಟ್ಟಿದ ಜಾಗ ಬಿಟ್ಟು ಇನ್ನೊಂದು ಶ್ವಾಸಕೋಶಕ್ಕೋ, ಮೂಳೆ, ಯಕೃತ್ತು, ಮಿದುಳಿಗೋ ಹರಡಿದೆ ಎಂದರ್ಥ. ಮೊದಲ ಹಂತದಲ್ಲೇ ಸಿಕ್ಕಿದರೆ ಆ ಭಾಗವನ್ನು ಆಪರೇಷನ್ ಮಾಡಿ ತೆಗೆದು ಎಷ್ಟೋ ಜನರನ್ನು ಗುಣಪಡಿಸಬಹುದು.

‘ಅಷ್ಟು ದಿನ ಗೊತ್ತೇ ಆಗೋದಿಲ್ವಾ?’ ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಬೆರಳಿಗೆ ಮುಳ್ಳು ಚುಚ್ಚಿದರೆ ತಕ್ಷಣ ತಿಳಿಯುತ್ತದೆ. ಶ್ವಾಸಕೋಶದ ಒಳಗೆ ಹಾಗೆ ನೋವು ತಿಳಿಸುವ ನರಗಳು ಇಲ್ಲವೆಂದೇ ಹೇಳಬೇಕು. ಗಡ್ಡೆ ಬೆಳೆದು ಎದೆಗೂಡಿನ ಒಳಪೊರೆಗೋ ಪಕ್ಕೆಲುಬಿಗೋ ತಾಗಿದ ಮೇಲೇ ನೋವು. ಅದಕ್ಕೂ ಮೊದಲು ಸಿಕ್ಕರೆ ಸಣ್ಣ ಸುಳಿವುಗಳು ಮಾತ್ರ: ಮೂರು ವಾರ ಕಳೆದರೂ ಬಿಡದ ಕೆಮ್ಮು, ಕಫದಲ್ಲಿ ರಕ್ತದ ಎಳೆ, ಒಡೆದ ದನಿ, ಮೆಟ್ಟಿಲು ಹತ್ತುವಾಗ ಹೊಸದಾಗಿ ಏದುಸಿರು, ಕಾರಣವಿಲ್ಲದೆ ಇಳಿಯುವ ತೂಕ.

ತೊಡಕೆಂದರೆ, ಇವುಗಳಲ್ಲಿ ಹೆಚ್ಚಿನವು ಕ್ಷಯಕ್ಕೂ ಉಂಟು. ಎಕ್ಸ್‌ರೇಯಲ್ಲಿ ಎರಡೂ ಬಿಳಿ ಕಲೆಯಂತೆಯೇ ಕಾಣಬಹುದು. ಆರ್.ಟಿ. ನಗರದ ನಮ್ಮ ಬೀದಿಯ ಹಿರಿಯರೊಬ್ಬರಿಗೆ ಕಫದಲ್ಲಿ ಏನೂ ಸಿಗದಿದ್ದರೂ ನಾಲ್ಕು ತಿಂಗಳು ಕ್ಷಯದ ಮಾತ್ರೆ ನಡೆಯಿತು. ಪಕ್ಕದಲ್ಲಿ ಮಲಗುತ್ತಿದ್ದ ಮೊಮ್ಮಗಳು ‘ತಾತಂಗೆ ಕೆಮ್ಮು ಜಾಸ್ತಿನೇ ಆಗ್ತಿದೆ’ ಎಂದು ಹಟ ಹಿಡಿದ ಮೇಲೆ ಸಿ.ಟಿ. ಸ್ಕ್ಯಾನ್, ಬಯಾಪ್ಸಿ ಆದವು. ಆಪರೇಷನ್ನಿಗೆ ಹೊತ್ತು ಮೀರಿತ್ತು. ಈಗ ಕೀಮೋ ನಡೆಯುತ್ತಿದೆ.

ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ, ಮೊದಲು ಅದನ್ನೇ ಮಾಡಿಸಿ. ಕ್ಷಯವಲ್ಲ ಎಂದು ಬಂದರೆ ನಿಟ್ಟುಸಿರು ಬಿಟ್ಟು ಮನೆಗೆ ಬರಬೇಡಿ. ‘ಹಾಗಾದರೆ ಮತ್ತೇನು ಡಾಕ್ಟ್ರೇ?’ ಎಂದು ಕೇಳಿ. ಕ್ಯಾನ್ಸರಿನ ಅನುಮಾನ ಬಂದರೆ 1973ರಿಂದ ನಡೆಯುತ್ತಿರುವ ಕಿದ್ವಾಯಿ ಸಂಸ್ಥೆ ನಮ್ಮ ಊರಿನಲ್ಲೇ ಇದೆ.

ಬೀಡಿ, ಸಿಗರೇಟು ಈ ರೋಗದ ದೊಡ್ಡ ಕಾರಣ, ನಿಜ. ಆದರೆ ಒಮ್ಮೆಯೂ ಸೇದದವರಿಗೂ ಬರುತ್ತದೆ. ಸೌದೆ ಒಲೆಯ ಹೊಗೆ, ಪಕ್ಕದವರು ಬಿಟ್ಟ ಹೊಗೆ, ಕೆಟ್ಟ ಗಾಳಿ ಇವೂ ಕಾರಣಗಳೇ. ‘ನಮ್ಮಮ್ಮ ಸೇದೋರಲ್ಲ, ಅವರಿಗೆಲ್ಲಿ ಬರುತ್ತೆ?’ ಎಂಬ ಸಮಾಧಾನ ನನಗಂತೂ ಭಯ ಹುಟ್ಟಿಸುತ್ತದೆ.

ವರ್ಷಗಟ್ಟಲೆ ವಿಪರೀತ ಸೇದಿದವರಿಗೆ ಲಕ್ಷಣ ಕಾಣುವ ಮೊದಲೇ ಹುಡುಕುವ ದಾರಿಯೂ ಇದೆ. ಅಮೆರಿಕದಲ್ಲಿ ಅಂಥ 53,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಕಡಿಮೆ ವಿಕಿರಣದ ಸಿ.ಟಿ. ಮಾಡಿಸಿಕೊಂಡವರಲ್ಲಿ ಈ ಕ್ಯಾನ್ಸರಿನ ಸಾವು, ಎಕ್ಸ್‌ರೇ ಮಾಡಿಸಿಕೊಂಡವರಿಗಿಂತ ಶೇ 20ರಷ್ಟು ಕಡಿಮೆ. ಹಾಗೆಂದು ಎಲ್ಲರೂ ಸ್ಕ್ಯಾನಿಂಗ್ ಸೆಂಟರಿಗೆ ಓಡಬೇಕಿಲ್ಲ. ಹಳೆಯ ಕ್ಷಯದ ಕಲೆಯೂ ಅದರಲ್ಲಿ ಕಂಡು ಸುಮ್ಮನೆ ಗಾಬರಿಯಾದೀತು.

‘ಯಾವಾಗಿಂದ ಕೆಮ್ಮು?’ ಎಂದು ಡಾಕ್ಟರು ಕೇಳಿದರೆ ದೊಡ್ಡವರು ಮುಖ ಮುಖ ನೋಡಿಕೊಳ್ಳುತ್ತಾರೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಅಜ್ಜಿಗೆ ಕೆಮ್ಮು ಶುರುವಾದ ದಿನಕ್ಕೊಂದು ಗುರುತು ಹಾಕಿಡುವ ಕೆಲಸವನ್ನು ಮಕ್ಕಳಿಗೇ ಕೊಡಿ. ಇಪ್ಪತ್ತೊಂದನೇ ದಿನ ಅವರೇ ನೆನಪಿಸುತ್ತಾರೆ.